ಮಾತಿಗೆ ಮೈ ಬೇಕು, ಮೈಗೆ ಕೂಳು ಬೇಕು

(ಹಾಸ್ಟೆಲ್ ವಿದ್ಯಾರ್ಥಿಗಳ ಶಿಬಿರವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)



ಈ ಹೊತ್ತು ನಾವು ಮಾತಾಡಬೇಕೆಂದಿರುವುದು ಅಮೆರಿಕದ ಒಬ್ಬ ಕಪ್ಪು ಕಲಾವಿದನ ಬಗ್ಗೆ. ಹೆಸರು ಮಾರ್ಕ್ ಬಮೂತಿ ಜೋಸೆಫ್. ಈತ ಕವಿಯೂ ಹೌದು, ನಟನೂ ಹೌದು, ಕುಣಿಯುವವನೂ ಹೌದು. ಹಿಪ್‌ಹಾಪ್ ಎಂಬ ಬೀದಿಯ ಹಾಡು ಕುಣಿತ, ಜನರ ಎದುರು ನಿಂತು ಗಟ್ಟಿಯಾಗಿ ನುಡಿಯುವ ಕವಿತೆ, ನಾಟಕ, ಈ ಮೂರನ್ನೂ ಒಂದೇ ಮೈಯಲ್ಲಿ ಕೂಡಿಸಿಕೊಂಡವನು.

ನಿಮ್ಮಲ್ಲಿ ಕೆಲವರಿಗೆ ಈಗಲೇ ಸಿಟ್ಟು ಬಂದಿರಬಹುದು. ಸ್ಕಾಲರ್‌ಶಿಪ್ ಬಂದಿಲ್ಲ, ಮೆಸ್ಸಿನಲ್ಲಿ ಸಾರು ಅಂತ ಬಿಸಿನೀರು ಬಡಿಸ್ತಾರೆ, ಊರಿಗೆ ಹೋದ್ರೆ ದೇವಸ್ಥಾನದ ಮೆಟ್ಟಿಲು ಹತ್ತೋಕೆ ಬಿಡಲ್ಲ, ಇವರು ಬಂದು ಅಮೆರಿಕದ ಕುಣಿತದ ಕತೆ ಹೇಳ್ತಾರಲ್ಲ ಅಂತ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವ ಗಾದೆ ನಮಗೂ ಗೊತ್ತು. ಸ್ವಲ್ಪ ತಾಳ್ಮೆಯಿಂದ ಕೇಳಿ. ಹಿಟ್ಟಿಗೂ ಹಾಡಿಗೂ ಏನು ಸಂಬಂಧ ಎನ್ನುವುದೇ ಇವತ್ತಿನ ಪ್ರಶ್ನೆ.

ಅಮೆರಿಕದ ಕಪ್ಪು ಜನರಿಗೂ ನಮಗೂ ಇರುವ ನಂಟು ನಿನ್ನೆ ಮೊನ್ನೆಯದಲ್ಲ. ಬಾಬಾಸಾಹೇಬರು 1913ರಿಂದ 1916ರವರೆಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಓದಿದರು. ಅದರ ಮಗ್ಗುಲಿಗೇ ಕಪ್ಪು ಜನ ಬಂದು ನೆಲೆಸಿದ ಹಾರ್ಲೆಮ್ ಇದೆ. 1946ರಲ್ಲಿ ಬಾಬಾಸಾಹೇಬರು ಕಪ್ಪು ಜನರ ಹಿರಿಯ ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರಿಗೆ ಕಾಗದ ಬರೆದು, ಆ ಜನ ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಬಗ್ಗೆ ವಿಚಾರಿಸಿದರು. 1966ರಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಪಟ್ಟಣದಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಹುಟ್ಟಿತು. 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ಆ ಹೆಸರನ್ನು ತಂದು ದಲಿತ್ ಪ್ಯಾಂಥರ್ ಕಟ್ಟಿದರು. ಕಟ್ಟಿದವರು ಯಾರು? ನಾಮದೇವ ಢಸಾಳ್, ರಾಜಾ ಢಾಲೆ, ಜೆ.ವಿ. ಪವಾರ್. ಎಲ್ಲರೂ ಬರೆಯುವವರು. ಪದ್ಯ ಬರೆಯುವ ಕೈಯೇ ಸಂಘಟನೆಯನ್ನೂ ಕಟ್ಟಿತು.

ಜಾತಿ ಬೇರೆ, ಬಣ್ಣ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದರೆ ಲೆಕ್ಕ ತಪ್ಪುತ್ತದೆ. ಆದರೆ ದನಿ ಕಿತ್ತುಕೊಳ್ಳುವ ರೀತಿ ಎರಡು ಕಡೆಯೂ ಒಂದೇ. ಮೊದಲು ನಿನ್ನ ಮಾತು ಮಾತೇ ಅಲ್ಲ ಅಂತಾರೆ. ಆಮೇಲೆ ನಿನ್ನ ಕುಣಿತ ಕಲೆಯಲ್ಲ ಅಂತಾರೆ. ಕೊನೆಗೆ ಅದನ್ನೇ ಕದ್ದು, ಟಿಕೆಟ್ ಇಟ್ಟು ಮಾರುತ್ತಾರೆ.

ಇದಕ್ಕೊಂದು ಉದಾಹರಣೆ ಕೊಡುತ್ತೇವೆ. 1739ರಲ್ಲಿ ಅಮೆರಿಕದ ಸೌತ್ ಕೆರೊಲಿನಾದಲ್ಲಿ ಗುಲಾಮರು ದಂಗೆ ಎದ್ದರು. ಡೋಲು ಬಡಿದು ಜನ ಕೂಡಿಸಿದರು. ದಂಗೆಯನ್ನು ಹತ್ತಿಕ್ಕಿದ ಮೇಲೆ 1740ರಲ್ಲಿ ಕಾನೂನು ಬಂತು: ಗುಲಾಮರು ಡೋಲು ಬಡಿಯಕೂಡದು. ಡೋಲು ಹೋಯಿತು, ತಾಳ ಹೋಗಲಿಲ್ಲ. ಅದು ಕಾಲಿಗಿಳಿಯಿತು, ಅಂಗೈಗೆ ಬಂತು. ನೆಲವನ್ನೇ ಡೋಲು ಮಾಡಿಕೊಂಡ ಆ ಕಾಲುಗಳಿಂದಲೇ ಟ್ಯಾಪ್ ಎನ್ನುವ ಕುಣಿತ ಬೆಳೆದು ಬಂತು. ಮುಂದೆ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಅದೇ ಕುಣಿತ ಕುಣಿದು, ಕಪ್ಪು ಮನುಷ್ಯನನ್ನು ಗೇಲಿ ಮಾಡಿ ದುಡ್ಡು ಮಾಡಿದರು. ಕಪ್ಪು ಕಲಾವಿದ ವೇದಿಕೆಗೆ ಬರಬೇಕಾದರೂ ಆ ಗೇಲಿಯ ಪಾತ್ರವನ್ನೇ ಹಾಕಬೇಕಾಯಿತು. ಈ ಕಾಲಿನ ಕತೆಯನ್ನು ನೆನಪಿಟ್ಟುಕೊಳ್ಳಿ. ಜೋಸೆಫ್ ಬಾಲಕನಾಗಿ ವೇದಿಕೆ ಹತ್ತಿದ್ದು ಇದೇ ಕುಣಿತದಿಂದ.

ಈಗ ಹಿಪ್‌ಹಾಪ್‌ಗೆ ಬರೋಣ. 1973ರ ಆಗಸ್ಟ್ 11. ನ್ಯೂಯಾರ್ಕಿನ ಬ್ರಾಂಕ್ಸ್. ಆ ಪ್ರದೇಶದ ನಡುಮಧ್ಯೆ ಒಂದು ಹೆದ್ದಾರಿ ಕೊಯ್ದುಕೊಂಡು ಹೋಗಿತ್ತು. ಅದಕ್ಕಾಗಿ ಸಾವಿರಾರು ಸಂಸಾರಗಳನ್ನು ಎಬ್ಬಿಸಿದ್ದರು. ಕಾರ್ಖಾನೆಗಳು ಮುಚ್ಚಿದವು, ಅನುಕೂಲ ಇದ್ದ ಬಿಳಿಯರು ಜಾಗ ಖಾಲಿ ಮಾಡಿದರು. ಉಳಿದವರು ಕಪ್ಪು ಜನ, ಪೋರ್ಟೊರಿಕೊದ ಬಡವರು, ಜಮೈಕಾದಂಥ ದ್ವೀಪಗಳಿಂದ ಕೂಲಿ ಹುಡುಕಿ ಬಂದವರು. ಸೆಡ್ಜ್‌ವಿಕ್ ಅವೆನ್ಯೂದ 1520ನೇ ನಂಬರಿನ ವಠಾರದಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿಯಿದ್ದಳು. ಶಾಲೆ ಶುರುವಾಗುವ ಹೊತ್ತು, ಹೊಸ ಬಟ್ಟೆಗೆ ದುಡ್ಡು ಬೇಕು. ವಠಾರದ ಕೆಳಗಿನ ಸಾಮೂಹಿಕ ಕೋಣೆಯನ್ನು ಬಾಡಿಗೆಗೆ ಹಿಡಿದು ಕುಣಿತದ ಕೂಟ ಇಟ್ಟಳು. ಪ್ರವೇಶಕ್ಕೆ ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್. ರೆಕಾರ್ಡು ಹಾಕಲು ತನ್ನ ಅಣ್ಣನನ್ನು ಕೂರಿಸಿದಳು. ಜಮೈಕಾದಲ್ಲಿ ಹುಟ್ಟಿದ ಆ 18 ವರ್ಷದ ಹುಡುಗ ಕ್ಲೈವ್ ಕ್ಯಾಂಪ್‌ಬೆಲ್. ಜನ ಅವನನ್ನು ಕೂಲ್ ಹರ್ಕ್ ಅಂತ ಕರೆದರು.

ಹರ್ಕ್ ಒಂದು ಸಂಗತಿ ಗಮನಿಸಿದ್ದ. ಹಾಡು ನಿಂತು ಬರೀ ಡ್ರಮ್ಮು ಉಳಿಯುವ ಆ ಕೆಲವು ಗಳಿಗೆಗಾಗಿಯೇ ಕುಣಿಯುವವರು ಕಾಯುತ್ತಾರೆ. ಆ ತುಂಡಿಗೆ ಬ್ರೇಕ್ ಅಂತ ಹೆಸರು. ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ಎರಡು ಮೆಷಿನ್ನಿನ ಮೇಲಿಟ್ಟು, ಇದು ಮುಗಿಯುವ ಹೊತ್ತಿಗೆ ಅದನ್ನು, ಅದು ಮುಗಿಯುವ ಹೊತ್ತಿಗೆ ಇದನ್ನು ತಿರುಗಿಸಿ, ಕೆಲವೇ ಸೆಕೆಂಡಿನ ತಾಳವನ್ನು ಎಷ್ಟು ಹೊತ್ತಾದರೂ ಓಡುವಂತೆ ಮಾಡಿದ. ಆ ತಾಳದ ಮೇಲೆ ಹುಡುಗರು ಪ್ರಾಸ ಕಟ್ಟಿ ಮಾತಾಡಿದರು, ಅದು ರ್‍ಯಾಪ್ ಆಯಿತು. ನೆಲದ ಮೇಲೆ ಉರುಳಿ ತಲೆಯ ಮೇಲೆ ತಿರುಗಿದರು, ಅದು ಕುಣಿತವಾಯಿತು. ಗೋಡೆಯ ಮೇಲೆ ತಮ್ಮ ಹೆಸರು ಬರೆದರು, ಅದು ಚಿತ್ರವಾಯಿತು. ಪಿಟೀಲು ಕಲಿಯಲು ದುಡ್ಡಿಲ್ಲದವರು ಗ್ರಾಮೊಫೋನನ್ನೇ ವಾದ್ಯ ಮಾಡಿಕೊಂಡರು.

ಇನ್ನೊಂದು ಮಾತು. ಹರ್ಕ್‌ನನ್ನು ಹಿಪ್‌ಹಾಪಿನ ತಂದೆ ಅಂತ ಎಲ್ಲರೂ ಕೊಂಡಾಡುತ್ತಾರೆ. ಕೋಣೆ ಹಿಡಿದವಳು, ಲೆಕ್ಕ ನೋಡಿದವಳು, ಕೂಟ ಕರೆದವಳು ಸಿಂಡಿ. ಅವಳ ಹೆಸರು ಬಹಳ ವರ್ಷ ಯಾರ ಬಾಯಲ್ಲೂ ಬರಲಿಲ್ಲ. ನಮ್ಮ ಸಭೆಗಳಲ್ಲೂ ಜಮಖಾನೆ ಹಾಸುವ, ಚಂದಾ ಎತ್ತುವ ಹೆಣ್ಣುಮಕ್ಕಳ ಹೆಸರು ಕರಪತ್ರದಲ್ಲಿ ಇರುತ್ತದೆಯೇ? ಯೋಚನೆ ಮಾಡಿ.

ಇದು ಹಾಡಿನ ಕಡೆಯ ಕತೆ. ನುಡಿಯುವ ಕವಿತೆಯ ಕತೆ ಇನ್ನೂ ಹಳೆಯದು. 1968ರ ಮೇ 19, ಮಾಲ್ಕಮ್ ಎಕ್ಸ್ ಹುಟ್ಟಿದ ದಿನ, ಹಾರ್ಲೆಮ್‌ನ ಪಾರ್ಕೊಂದರಲ್ಲಿ ಕೆಲವು ಯುವಕರು ಡೋಲಿನ ಜೊತೆ ಕವಿತೆ ನುಡಿದರು. ಲಾಸ್ಟ್ ಪೊಯೆಟ್ಸ್ ಎನ್ನುವ ಗುಂಪು ಅಲ್ಲಿ ಹುಟ್ಟಿತು. 1974ರಲ್ಲಿ ಬರ್ಕ್ಲಿ ಹತ್ತಿರದ ಒಂದು ಬಾರಿನಲ್ಲಿ ಎಂಟೊಜಾಕೆ ಶಾಂಗೆ ಎಂಬ ಕಪ್ಪು ಹೆಣ್ಣುಮಗಳು ಕವಿತೆಯನ್ನೂ ಕುಣಿತವನ್ನೂ ಸೇರಿಸಿ ಒಂದು ಆಟ ಆಡಿದಳು. ಕಪ್ಪು ಹೆಂಗಸರ ಬದುಕೇ ಅದರ ವಸ್ತು. 1976ರಲ್ಲಿ ಅದು ನ್ಯೂಯಾರ್ಕಿನ ದೊಡ್ಡ ನಾಟಕ ಶಾಲೆಗಳಿರುವ ಬ್ರಾಡ್‌ವೇಗೆ ಹೋಯಿತು. ಈ ರೀತಿಗೆ ಕುಣಿತ-ಕವಿತೆ ಎನ್ನುವ ಅರ್ಥ ಬರುವ ಹೊಸ ಹೆಸರನ್ನೂ ಆಕೆಯೇ ಇಟ್ಟಳು. 1980ರ ದಶಕದ ನಡುವಿನಲ್ಲಿ ಶಿಕಾಗೊದಲ್ಲಿ ಕಟ್ಟಡ ಕೆಲಸ ಮಾಡುತ್ತಿದ್ದ ಮಾರ್ಕ್ ಸ್ಮಿತ್ ಎಂಬ ಬಿಳಿಯ, ವಿದ್ವಾಂಸರ ಒಣ ಕವಿಗೋಷ್ಠಿಗಳಿಂದ ಬೇಸತ್ತು, ಬಾರಿನಲ್ಲಿ ಕವಿತೆಯ ಕುಸ್ತಿ ಶುರು ಮಾಡಿದ. ಅದಕ್ಕೆ ಸ್ಲ್ಯಾಮ್ ಅಂತ ಹೆಸರು. ನಿಯಮ ಸರಳ: ಒಬ್ಬರಿಗೆ ಮೂರು ನಿಮಿಷ. ವಾದ್ಯ ಇಲ್ಲ, ವೇಷ ಇಲ್ಲ. ಕೇಳಲು ಬಂದ ಜನರಲ್ಲೇ ಐದು ಮಂದಿ ತೀರ್ಪುಗಾರರು. ಸೊನ್ನೆಯಿಂದ ಹತ್ತರವರೆಗೆ ಅಂಕ. ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಉಳಿದ ಮೂರನ್ನು ಕೂಡುವುದು. ಇಲ್ಲಿ ಪಂಡಿತನ ಸರ್ಟಿಫಿಕೇಟು ಬೇಕಾಗಿಲ್ಲ. ಕೇಳುವ ಜನ ಆಕಳಿಸಿದರೆ ಕವಿ ಸೋತ.

ಈ ಎಲ್ಲ ಹೊಳೆಗಳೂ ಬಂದು ಸೇರಿದ ಒಂದು ಜಾಗ ಮಾರ್ಕ್ ಬಮೂತಿ ಜೋಸೆಫ್. ಈತ ಹುಟ್ಟಿದ್ದು 1975ರಲ್ಲಿ, ನ್ಯೂಯಾರ್ಕಿನಲ್ಲಿ. ತಂದೆ ತಾಯಿ ಹೈಟಿ ದೇಶದಿಂದ ವಲಸೆ ಬಂದವರು. ಗುಲಾಮರೇ ಬಂಡೆದ್ದು, ಫ್ರೆಂಚರನ್ನು ಓಡಿಸಿ 1804ರಲ್ಲಿ ಸ್ವತಂತ್ರ ಮಾಡಿಕೊಂಡ ದೇಶ ಅದು. ಹುಡುಗನಾಗಿದ್ದಾಗಲೇ ಬ್ರಾಡ್‌ವೇಯ 'ದಿ ಟ್ಯಾಪ್ ಡಾನ್ಸ್ ಕಿಡ್' ಎಂಬ ಆಟದಲ್ಲಿ ಕುಣಿದ. ಆಮೇಲೆ ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿನಲ್ಲಿ ಓದಿದ. ಮಾರ್ಟಿನ್ ಲೂಥರ್ ಕಿಂಗ್ ಓದಿದ ಕಾಲೇಜು ಅದು. ಓದು ಮುಗಿಸಿ ಸ್ಯಾನ್ ಫ್ರಾನ್ಸಿಸ್ಕೊ ಕಡೆ ಹೋಗಿ ಹೈಸ್ಕೂಲು ಮೇಷ್ಟ್ರಾಗಿ ಮಕ್ಕಳಿಗೆ ಇಂಗ್ಲಿಷ್ ಸಾಹಿತ್ಯ ಹೇಳಿಕೊಟ್ಟ. 1999ರ ರಾಷ್ಟ್ರೀಯ ಸ್ಲ್ಯಾಮ್ ಸ್ಪರ್ಧೆಯಲ್ಲಿ ಗೆದ್ದ ಸ್ಯಾನ್ ಫ್ರಾನ್ಸಿಸ್ಕೊ ತಂಡದಲ್ಲಿ ಈತನೂ ಇದ್ದ.

ಗೆದ್ದವನು ಮುಂದೆ ಏನು ಮಾಡಿದ ಎನ್ನುವುದು ಮುಖ್ಯ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1996ರಲ್ಲಿ ಯೂತ್ ಸ್ಪೀಕ್ಸ್ ಎಂಬ ಸಂಸ್ಥೆ ಶುರುವಾಗಿತ್ತು. ಹದಿಹರೆಯದ ಮಕ್ಕಳನ್ನು ಕೂರಿಸಿ, ನಿಮ್ಮ ಬದುಕನ್ನು ನಿಮ್ಮ ಬಾಯಲ್ಲೇ ಬರೆಯಿರಿ, ತಿದ್ದಿರಿ, ನಿಂತು ನುಡಿಯಿರಿ ಅಂತ ಕಲಿಸುವ ಕೆಲಸ. ಜೋಸೆಫ್ ಆ ಕೆಲಸಕ್ಕೆ ಸೇರಿಕೊಂಡ. ಅದರ ನಾಟಕ ತಂಡವಾದ ಲಿವಿಂಗ್ ವರ್ಡ್ ಪ್ರಾಜೆಕ್ಟನ್ನು ನಡೆಸಿದ. ಈತನ ಕಲೆ ಹದವಾದದ್ದು ಈ ಮಕ್ಕಳ ನಡುವೆ.

2003ರಲ್ಲಿ ಈತ ಆಡಿದ ಆಟದ ಹೆಸರು 'ವರ್ಡ್ ಬಿಕಮ್ಸ್ ಫ್ಲೆಶ್'. ಅಂದರೆ ಮಾತು ಮಾಂಸವಾಗುತ್ತದೆ. ಇನ್ನೂ ಹುಟ್ಟದ ಮಗನಿಗೆ ತಂದೆ ಬರೆಯುವ ಕಾಗದಗಳೇ ಆಟ. ಕಪ್ಪು ಗಂಡಸು ಮಕ್ಕಳನ್ನು ಹುಟ್ಟಿಸಿ ಓಡಿಹೋಗುತ್ತಾನೆ ಅನ್ನುವ ಆರೋಪ ಆ ದೇಶದಲ್ಲಿ ಬಹಳ ಹಳೆಯದು. ಜೋಸೆಫ್ ಅದನ್ನು ಸುಳ್ಳು ಅಂತ ಕೂಗಿ ಕೈತೊಳೆದುಕೊಳ್ಳಲಿಲ್ಲ, ಹೌದು ಅಂತ ತಲೆ ತಗ್ಗಿಸಲೂ ಇಲ್ಲ. ತಂದೆಯಾಗಲಿರುವ ಒಬ್ಬ ಹುಡುಗನ ಭಯವನ್ನು, ಓಡಿಹೋಗಬೇಕೆನ್ನುವ ಆಸೆಯನ್ನು, ಹೊಟ್ಟೆಯಲ್ಲಿರುವ ಕೂಸಿನ ಮೇಲಿನ ಪ್ರೀತಿಯನ್ನು ಎಲ್ಲರ ಎದುರಿಗಿಟ್ಟ. ಮಾತು ತಡವರಿಸಿದಾಗ ಮೈ ಮುಂದುವರಿಯುತ್ತದೆ, ಮೈ ಸೋತಾಗ ತಾಳ ಎತ್ತಿಕೊಳ್ಳುತ್ತದೆ. ಕೆಲವು ವರ್ಷಗಳ ಮೇಲೆ ಇದೇ ಆಟವನ್ನು ಹಲವು ಯುವಕರ ತಂಡ ಒಟ್ಟಾಗಿ ಆಡಿತು. ಒಬ್ಬನ ಕಾಗದ ಹಲವರ ಕಾಗದವಾಯಿತು.

ಇಲ್ಲಿ ನಮಗೊಂದು ಪಾಠ ಇದೆ. ನಮ್ಮ ಬಗ್ಗೆ ಬೇರೆಯವರು ಹೇಳುವ ಸುಳ್ಳಿಗೆ ಉತ್ತರ ಕೊಡುವಾಗ ನಾವು ನಮ್ಮನ್ನು ದೇವರು ಮಾಡಿಕೊಂಡುಬಿಡುತ್ತೇವೆ. ಕೇರಿಯಲ್ಲಿ ಕುಡಿತ ಇಲ್ಲವೇ? ಹೆಂಡತಿಗೆ ಹೊಡೆಯುವವರು ಇಲ್ಲವೇ? ಇದ್ದಾರೆ ಅಂತ ಮೇಲ್ಜಾತಿಯವನು ಹೇಳಿದರೆ ಅದು ಅವಮಾನ. ನಮ್ಮ ಹುಡುಗನೇ ವೇದಿಕೆಯ ಮೇಲೆ ನಿಂತು, ಇದು ಯಾಕೆ ಹೀಗಾಯಿತು, ನಾನು ಹೇಗೆ ಬದಲಾಗಬೇಕು ಅಂತ ಕೇಳಿದರೆ ಅದು ಹೋರಾಟ.

2008ರಲ್ಲಿ 'ದಿ ಬ್ರೇಕ್ಸ್' ಎಂಬ ಆಟ ಬಂತು. ಹಿಪ್‌ಹಾಪ್ ಚರಿತ್ರೆ ಬರೆದ ಜೆಫ್ ಚಾಂಗ್ ಅವರ ಪುಸ್ತಕದಿಂದ ಪ್ರೇರಣೆ ಪಡೆದದ್ದು. ವೇದಿಕೆಯ ಮೇಲೆ ಜೋಸೆಫ್, ರೆಕಾರ್ಡು ತಿರುಗಿಸುವ ಒಬ್ಬ, ಬಾಯಲ್ಲೇ ಡ್ರಮ್ಮಿನ ಸದ್ದು ತೆಗೆಯುವ ಇನ್ನೊಬ್ಬ. ಬ್ರೇಕ್ ಎಂಬ ಶಬ್ದದ ಎರಡೂ ಅರ್ಥ ಅಲ್ಲಿದೆ: ಹರ್ಕ್ ಹಿಗ್ಗಿಸಿದ ಆ ತಾಳದ ತುಂಡು, ಮತ್ತು ಬಿರುಕು. ಬೀದಿಯಲ್ಲಿ ಹುಟ್ಟಿದ ಕಲೆ ದೇಶ ದೇಶ ಸುತ್ತಿ ಮಾರಾಟದ ಸರಕಾದಾಗ, ಅದನ್ನು ಆಡುವವನ ಎದೆಯಲ್ಲಿ ಬೀಳುವ ಬಿರುಕು. ನಾನು ಯಾರಿಗೆ ಸೇರಿದವನು ಎಂಬ ಪ್ರಶ್ನೆ. ಹಳ್ಳಿಯಿಂದ ಹಾಸ್ಟೆಲಿಗೆ, ಹಾಸ್ಟೆಲಿಂದ ಆಫೀಸಿಗೆ ಹೋಗುವ ನಿಮಗೆ ಈ ಪ್ರಶ್ನೆಯನ್ನು ನಾವು ವಿವರಿಸಿ ಹೇಳಬೇಕಾಗಿಲ್ಲ.

ಈಗ ಹಿಟ್ಟಿನ ಮಾತಿಗೆ ಬರೋಣ. ಓಕ್ಲೆಂಡ್‌ನಲ್ಲಿ ಡಿಫ್ರೆಮರಿ ಎಂಬ ಪಾರ್ಕು ಇದೆ. ಅಲ್ಲಿನ ಕಪ್ಪು ಜನ ಅದನ್ನು ಕರೆಯುವುದು ಬಾಬಿ ಹಟನ್ ಪಾರ್ಕ್ ಅಂತ. ಬಾಬಿ ಹಟನ್ ಬ್ಲ್ಯಾಕ್ ಪ್ಯಾಂಥರ್ ಪಕ್ಷಕ್ಕೆ ಸೇರಿದ ಮೊಟ್ಟಮೊದಲ ಹುಡುಗ. ಸೇರಿದಾಗ ವಯಸ್ಸು 16. 1968ರ ಏಪ್ರಿಲ್ 4ರಂದು ಕಿಂಗ್ ಅವರ ಕೊಲೆಯಾಯಿತು. ಎರಡು ದಿನದ ಮೇಲೆ, ಏಪ್ರಿಲ್ 6ರಂದು, ಓಕ್ಲೆಂಡ್ ಪೊಲೀಸರು ಈ ಹುಡುಗನನ್ನು ಗುಂಡಿಟ್ಟು ಕೊಂದರು. ಆಗ ಅವನಿಗೆ 17. ಪ್ಯಾಂಥರುಗಳು ಸಭೆ ಕೂಡುತ್ತಿದ್ದ ಪಾರ್ಕು ಅದು. 1969ರ ಜನವರಿಯಲ್ಲಿ ಪ್ಯಾಂಥರುಗಳು ಓಕ್ಲೆಂಡ್‌ನ ಒಂದು ಚರ್ಚಿನಲ್ಲಿ ಶಾಲೆಗೆ ಹೋಗುವ ಮಕ್ಕಳಿಗೆ ಬೆಳಗಿನ ತಿಂಡಿ ಕೊಡಲು ಶುರು ಮಾಡಿದರು. ಹಸಿದ ಮಗುವಿಗೆ ಪಾಠ ಹತ್ತುವುದಿಲ್ಲ ಎನ್ನುವ ಸರಳ ಸತ್ಯ. ಬಂದೂಕು ಹಿಡಿದ ಪ್ಯಾಂಥರಿಗೆ ಹೆದರಿದಷ್ಟೇ ಅಮೆರಿಕದ ಗುಪ್ತಪೊಲೀಸರು ತಟ್ಟೆ ಹಿಡಿದ ಪ್ಯಾಂಥರಿಗೂ ಹೆದರಿದರು. ಸರ್ಕಾರ 1966ರಲ್ಲಿ ಪ್ರಯೋಗಕ್ಕೆಂದು ಇಟ್ಟಿದ್ದ ಶಾಲಾ ಉಪಾಹಾರ ಯೋಜನೆ 1975ರಲ್ಲಿ ಕಾಯಂ ಆಯಿತು.

ಜೋಸೆಫ್ ಮತ್ತು ಗೆಳೆಯರು ಲೈಫ್ ಈಸ್ ಲಿವಿಂಗ್ ಎಂಬ ಹಬ್ಬ ನಡೆಸಿದ್ದು ಇದೇ ಪಾರ್ಕಿನಲ್ಲಿ. ಅದರ ಹಿನ್ನೆಲೆ ಹೀಗಿದೆ. ಪರಿಸರ ಉಳಿಸಿ ಅನ್ನುವ ಚಳವಳಿ ಅಮೆರಿಕದಲ್ಲಿ ಜೋರಾಗಿತ್ತು. ಆದರೆ ಆ ಮಾತು ಕಪ್ಪು ಜನರ ಬೀದಿಗೆ ಬರುವಾಗ ದುಬಾರಿ ಕಾರು, ದುಬಾರಿ ತರಕಾರಿಯ ಮಾತಾಗಿತ್ತು. ಮಗ ಸಂಜೆ ಜೀವಂತ ಮನೆಗೆ ಬರುತ್ತಾನೋ ಇಲ್ಲವೋ ಅನ್ನುವ ತಾಯಿಗೆ ಗಿಡ ನೆಡು ಅಂದರೆ ಏನು ಹತ್ತೀತು? ಆದ್ದರಿಂದ ಪ್ರಶ್ನೆಯನ್ನೇ ಬದಲಾಯಿಸಿದರು. ನಿಮ್ಮ ಬೀದಿಯಲ್ಲಿ ಜೀವವನ್ನು ಹಿಡಿದಿಟ್ಟಿರುವುದು ಯಾವುದು ಅಂತ ಕೇಳಿದರು. ಅದಕ್ಕೆ ಎಲ್ಲರ ಹತ್ತಿರವೂ ಉತ್ತರ ಇತ್ತು. ಹಬ್ಬದಲ್ಲಿ ಹಾಡು, ಕವಿತೆ, ಗೋಡೆಚಿತ್ರ, ಕುಣಿತ. ಜೊತೆಗೆ ಪ್ಯಾಂಥರುಗಳನ್ನು ನೆನೆದು ಬೆಳಗಿನ ತಿಂಡಿ, ಎಲ್ಲರಿಗೂ, ಬಿಟ್ಟಿ. ಓಕ್ಲೆಂಡ್ ಅಲ್ಲದೆ ಶಿಕಾಗೊ, ಹ್ಯೂಸ್ಟನ್, ನ್ಯೂಯಾರ್ಕ್‌ಗಳಲ್ಲೂ ಇಂಥ ಹಬ್ಬ ನಡೆಯಿತು.

ಈ ನಾಲ್ಕು ಊರುಗಳಲ್ಲಿ ಕೇಳಿದ ಜನರ ಮಾತುಗಳಿಂದ 2011ರಲ್ಲಿ 'ರೆಡ್, ಬ್ಲ್ಯಾಕ್ ಅಂಡ್ ಗ್ರೀನ್: ಎ ಬ್ಲೂಸ್' ಎಂಬ ಆಟ ಕಟ್ಟಿದರು. ಕೆಂಪು, ಕಪ್ಪು, ಹಸಿರು ಎಂದರೆ 1920ರಲ್ಲಿ ಮಾರ್ಕಸ್ ಗಾರ್ವಿಯ ಸಂಘಟನೆ ಹಾರಿಸಿದ ಕಪ್ಪು ಜನರ ಬಾವುಟ. ಶಿಕಾಗೊದ ಕಲಾವಿದ ಥಿಯಾಸ್ಟರ್ ಗೇಟ್ಸ್ ಹಳೆಯ, ಬಿಸಾಡಿದ ಸಾಮಾನಿನಿಂದ ವೇದಿಕೆಯ ಮೇಲೆ ಬಡವರ ಮನೆಗಳನ್ನು ಎಬ್ಬಿಸಿದ. ನಾಟಕ ಶುರುವಾಗುವಾಗ ನೋಡಲು ಬಂದವರು ಕುರ್ಚಿಯಲ್ಲಿ ಕೂರುವಂತಿಲ್ಲ. ವೇದಿಕೆಗೇ ಹತ್ತಿ, ಆ ಮನೆಗಳ ಸುತ್ತ ನಡೆದು, ಒಳಗೆ ಇಣುಕಿ, ಮಾತು ಕೇಳಬೇಕು. ಕೇರಿಯೊಳಗೆ ಕಾಲಿಡದವನಿಗೆ ಕೇರಿಯ ಕತೆ ಕೇಳುವ ಹಕ್ಕಿಲ್ಲ ಎನ್ನುವ ಹಾಗೆ. ಈಗ ಹೇಳಿ ಗೆಳೆಯರೇ, ಇಲ್ಲಿ ಹಿಟ್ಟು ಯಾವುದು, ಮಲ್ಲಿಗೆ ಹೂವು ಯಾವುದು? ತಿಂಡಿಯ ಸಾಲಿನಲ್ಲಿ ನಿಂತವರ ಬಾಯಿಂದಲೇ ನಾಟಕ ಹುಟ್ಟಿತು.

ಇನ್ನೊಂದು ಕೃತಿಯ ಬಗ್ಗೆ ಹೇಳಲೇಬೇಕು. 1985ರ ಮೇ 13ರಂದು ಫಿಲಡೆಲ್ಫಿಯಾ ನಗರದಲ್ಲಿ ಪೊಲೀಸರು ಮೂವ್ ಎನ್ನುವ ಕಪ್ಪು ಜನರ ಗುಂಪಿನ ಮನೆಯ ಮೇಲೆ ಹೆಲಿಕಾಪ್ಟರಿನಿಂದ ಬಾಂಬು ಹಾಕಿದರು. ತಮ್ಮದೇ ಊರಿನ, ತಮ್ಮದೇ ಪ್ರಜೆಗಳ ಮೇಲೆ. 11 ಮಂದಿ ಸತ್ತರು. ಅವರಲ್ಲಿ ಐವರು ಮಕ್ಕಳು. ಬೆಂಕಿ ಹಬ್ಬಿ 61 ಮನೆ ಸುಟ್ಟುಹೋದವು. 2017ರಲ್ಲಿ ಅದೇ ಊರಿನಲ್ಲಿ 'ವಿ ಶಲ್ ನಾಟ್ ಬಿ ಮೂವ್ಡ್' ಎಂಬ ಒಪೆರಾ ಆಯಿತು. ಸಂಗೀತ ಡೇನಿಯಲ್ ಬರ್ನಾರ್ಡ್ ರೂಮೇನ್, ನಿರ್ದೇಶನ ಬಿಲ್ ಟಿ. ಜೋನ್ಸ್, ಮಾತು ಜೋಸೆಫ್‌ನದು. ಇಂದಿನ ಕಾಲದ ಹುಡುಗರು ಪೊಲೀಸರಿಗೆ ಹೆದರಿ ಓಡಿ ಬಂದು, ಆ ಸುಟ್ಟ ಮನೆಯಿದ್ದ ಜಾಗದಲ್ಲೇ ಅವಿತುಕೊಳ್ಳುವ ಕತೆ. ಒಪೆರಾ ಅಂದರೆ ಬಿಳಿಯ ಶ್ರೀಮಂತರ ಕಲೆ, ಸೂಟು ಬೂಟಿನ ಕಲೆ. ಅದರೊಳಕ್ಕೆ ಬೀದಿಯ ಮಾತು, ಸತ್ತ ಮಕ್ಕಳ ನೆನಪು ನುಗ್ಗಿತು. ನಮ್ಮಲ್ಲಿ ಕರ್ನಾಟಕ ಸಂಗೀತದ ಸಭಾಂಗಣದಲ್ಲಿ ಕಂಬಾಲಪಲ್ಲಿಯ ಕತೆ ಹಾಡಿದ ಹಾಗೆ. 2000ದ ಮಾರ್ಚ್‌ನಲ್ಲಿ ಕಂಬಾಲಪಲ್ಲಿಯಲ್ಲಿ ನಮ್ಮ ಏಳು ಮಂದಿಯನ್ನು ಸುಟ್ಟು ಕೊಂದದ್ದನ್ನು ಮರೆಯಬಾರದು.

ಇಷ್ಟೆಲ್ಲ ಆದ ಮೇಲೆ ಜೋಸೆಫ್‌ನನ್ನು ದೊಡ್ಡ ಸಂಸ್ಥೆಗಳು ಕರೆದವು. ಪ್ರಶಸ್ತಿ ಬಂದವು. ರಾಜಧಾನಿ ವಾಷಿಂಗ್ಟನ್ನಿನ ಕೆನಡಿ ಸೆಂಟರ್ ಎನ್ನುವ ರಾಷ್ಟ್ರೀಯ ಕಲಾಮಂದಿರದಲ್ಲಿ 2019ರಿಂದ ದೊಡ್ಡ ಹುದ್ದೆ. ಕಲೆಯನ್ನು ಬಡವರ, ಕಪ್ಪು ಜನರ ಬದುಕಿಗೆ ಜೋಡಿಸುವ ವಿಭಾಗದ ಮುಖ್ಯಸ್ಥ. 2025ರ ಫೆಬ್ರವರಿಯಲ್ಲಿ ಅಧ್ಯಕ್ಷ ಟ್ರಂಪ್ ಆ ಸಂಸ್ಥೆಯ ಮಂಡಳಿಯ ಸದಸ್ಯರನ್ನು ಕಿತ್ತುಹಾಕಿ ತಾನೇ ಅದರ ಮುಖ್ಯಸ್ಥನಾದ. ಮಾರ್ಚ್‌ನಲ್ಲಿ ಜೋಸೆಫ್ ಸಮೇತ ಆ ವಿಭಾಗದ ತಂಡವನ್ನು ಮನೆಗೆ ಕಳಿಸಿದರು. ಆರು ವರ್ಷದ ಕೆಲಸವನ್ನು ಒಂದು ಆದೇಶ ಮುಗಿಸಿತು.

ಆ ಹುದ್ದೆಗೆ ಹೋಗಿದ್ದು ತಪ್ಪು ಅಂತ ನಾವು ಹೇಳುವುದಿಲ್ಲ. ದೊಡ್ಡ ವೇದಿಕೆಗಳು ನಮ್ಮ ತೆರಿಗೆಯಿಂದಲೂ ಕಟ್ಟಿದವು, ನಮ್ಮ ಪಾಲು ಕೇಳಲೇಬೇಕು. ಅಕಾಡೆಮಿ, ಆಕಾಶವಾಣಿ, ವಿಶ್ವವಿದ್ಯಾನಿಲಯ ಎಲ್ಲ ಕಡೆಯೂ ಹೋಗಬೇಕು. ಆದರೆ ಅವರು ಕೊಟ್ಟ ಮೈಕನ್ನು ಅವರು ಯಾವಾಗ ಬೇಕಾದರೂ ಆರಿಸಬಲ್ಲರು. ಡೋಲಿಗೆ ನಿಷೇಧ ಬಂದಾಗ ಕಾಲು ಉಳಿದ ಹಾಗೆ, ಮೈಕು ಹೋದ ಮೇಲೆ ಉಳಿಯುವುದು ಯಾವುದು? ಪಾರ್ಕು, ತಟ್ಟೆ, ಜೊತೆಗೆ ಕೂತು ಬರೆದ ಆ ಮಕ್ಕಳು. ಅದು ಇಲ್ಲದೆ ಬರೀ ಹುದ್ದೆ ಇದ್ದವನು ಹುದ್ದೆ ಹೋದ ದಿನ ಬರಿಗೈ.

ಇನ್ನು ನಮ್ಮ ಕಡೆ ನೋಡಿಕೊಳ್ಳೋಣ. ನಾಡಿನಲ್ಲಿ ಈ ಚಳವಳಿ ಬೆಳೆದದ್ದೇ ಹಾಡಿನ ಬೆನ್ನು ಹತ್ತಿ. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಪುಸ್ತಕವಾಗಿ ಬಂದದ್ದು 1975ರಲ್ಲಿ. ಓದು ಬಾರದವರ ಬಾಯಿಗೂ ಆ ಹಾಡುಗಳು ಹೋದದ್ದು ಸಭೆ, ಜಾಥಾಗಳಲ್ಲಿ. ಬರೆದವರೂ ಹಾಸ್ಟೆಲಿನಲ್ಲಿದ್ದು ಓದಿದವರೇ. ಚೆನ್ನೈನಲ್ಲಿ ನಿರ್ದೇಶಕ ಪಾ. ರಂಜಿತ್ ಮುಂದೆ ನಿಂತು ಕಟ್ಟಿದ ಕಾಸ್ಟ್‌ಲೆಸ್ ಕಲೆಕ್ಟಿವ್ 2018ರಲ್ಲಿ ಸಾವಿನ ಮನೆಯ ಗಾನಾ ಹಾಡನ್ನೂ ರ್‍ಯಾಪನ್ನೂ ಒಂದೇ ವೇದಿಕೆಗೆ ತಂದಿತು. ನಮ್ಮಲ್ಲೂ ಕೆ.ಪಿ. ಲಕ್ಷ್ಮಣ ಅವರು ಕೆ.ಬಿ. ಸಿದ್ಧಯ್ಯನವರ ಕಾವ್ಯದಿಂದ 'ದಕ್ಲಕಥಾ ದೇವಿಕಾವ್ಯ' ಆಡಿಸಿದರು. ಕಾವ್ಯ, ವಾದ್ಯ, ಕುಣಿತ ಬೇರೆ ಬೇರೆಯಾಗಿ ನಿಲ್ಲದ ಆಟ ಅದು.

ತಮಟೆಯ ಪ್ರಶ್ನೆ ಇಲ್ಲೇ ಬರುತ್ತದೆ. ಊರಿನ ಹೆಣಕ್ಕೆ, ಊರಿನ ಜಾತ್ರೆಗೆ ಬಿಟ್ಟಿಯಾಗಿ ಬಡಿಸಿದ ವಾದ್ಯ ಅದು. ಬಡಿಯದಿದ್ದರೆ ಬಹಿಷ್ಕಾರ. ಅದಕ್ಕೇ ನಮ್ಮ ಹಿರಿಯರಲ್ಲಿ ಅನೇಕರು ತಮಟೆಯನ್ನು ಎಸೆಯಿರಿ ಅಂದರು, ಅವರು ಹೇಳಿದ್ದು ನ್ಯಾಯ. ಅದೇ ತಮಟೆಯನ್ನು ಮೆರವಣಿಗೆಯ ಮುಂದೆ ಬಡಿದು ಜನ ಕೂಡಿಸಿದವರೂ ನಮ್ಮವರೇ, ಅದೂ ನ್ಯಾಯ. ಗೇಲಿಗೆ ಬಳಸಿದ ಟ್ಯಾಪ್ ಕುಣಿತವನ್ನು ಕಪ್ಪು ಕಲಾವಿದ ಹೇಗೆ ವಾಪಸು ಪಡೆದ ಎಂದು ನೋಡಿದರೆ ಒಂದು ಅಳತೆಗೋಲು ಸಿಗುತ್ತದೆ. ಯಾರ ಅಪ್ಪಣೆಯ ಮೇಲೆ ಬಡಿಯುತ್ತಿದ್ದೇವೆ? ಬೇಡ ಅಂದಾಗ ನಿಲ್ಲಿಸುವ ಹಕ್ಕು ನಮ್ಮ ಕೈಯಲ್ಲಿದೆಯೇ? ಇದ್ದರೆ ಅದು ಕಲೆ. ಇಲ್ಲದಿದ್ದರೆ ಅದು ಚಾಕರಿ, ಅದಕ್ಕೆ ಎಷ್ಟೇ ಸನ್ಮಾನ ಮಾಡಿ ಶಾಲು ಹೊದಿಸಿದರೂ.

ಎಚ್ಚರಿಕೆಯ ಮಾತೂ ಇದೆ. ಹಿಪ್‌ಹಾಪ್ ಅಂದರೆಲ್ಲ ಹೋರಾಟವಲ್ಲ. ಕಂಪನಿಗಳು ಕೊಂಡುಕೊಂಡ ಹಿಪ್‌ಹಾಪಿನಲ್ಲಿ ಚಿನ್ನದ ಸರ, ಕಾರು, ಹೆಣ್ಣನ್ನು ಹೀನಾಯ ಮಾಡುವ ಮಾತು ತುಂಬಿದೆ. ಟೋಪಿ ತಿರುಗಿಸಿ ಹಾಕಿಕೊಂಡ ಮಾತ್ರಕ್ಕೆ ಯಾರೂ ಬಂಡಾಯಗಾರನಾಗುವುದಿಲ್ಲ. ಜೋಸೆಫ್‌ನ ಕೈಯಲ್ಲಿ ಅದು ಬೇರೆಯಾದದ್ದು ಹೇಗೆ? ಚಿಕ್ಕಂದಿನಿಂದ ಕಾಲು ಪಳಗಿಸಿದ, ಸಾಹಿತ್ಯ ಓದಿದ, ಮೂರು ನಿಮಿಷದ ಕವಿತೆಯನ್ನು ಜನರ ಮುಂದೆ ನುಡಿದು ನುಡಿದು ತಿದ್ದಿದ, ಮಕ್ಕಳಿಗೆ ಕಲಿಸುತ್ತಾ ತಾನೂ ಕಲಿತ. ಸಿಟ್ಟು ನಮ್ಮೆಲ್ಲರ ಹತ್ತಿರವೂ ಇದೆ. ಸಿಟ್ಟು ಕಬ್ಬಿಣದ ಹಾಗೆ. ಕುಲುಮೆಗೆ ಹಾಕಿ ಬಡಿಯದಿದ್ದರೆ ಅದು ಕುಡುಗೋಲಾಗುವುದಿಲ್ಲ, ತುಕ್ಕು ಹಿಡಿಯುತ್ತದೆ.

ಹಾಗಾದರೆ ಏನು ಮಾಡೋಣ? ವಾರಕ್ಕೊಂದು ರಾತ್ರಿ, ಊಟ ಆದ ಮೇಲೆ, ಮೆಸ್ಸಿನ ಬೆಂಚುಗಳನ್ನು ಗೋಡೆಗೆ ಸರಿಸಿ ದುಂಡಗೆ ಕೂತುಕೊಳ್ಳಿ. ಒಬ್ಬೊಬ್ಬರಿಗೆ ಮೂರು ನಿಮಿಷ. ನಿಮ್ಮವ್ವ ಮಾತಾಡುವ ಮಾತಿನಲ್ಲೇ ಮಾತಾಡಿ. ಕ್ಲಾಸಿನಲ್ಲಿ ಹ ಕಾರ ಅ ಕಾರ ಅಂತ ಯಾರಾದರೂ ನಕ್ಕಿದ್ದರೆ ಆ ನಗುವಿನ ಬಗ್ಗೆಯೇ ಮಾತಾಡಿ. ಮೆಸ್ಸಿನ ಸಾರಿನ ಬಗ್ಗೆ, ಅದನ್ನು ಬೇಯಿಸುವ ಅಕ್ಕನ ಸಂಬಳದ ಬಗ್ಗೆ ಮಾತಾಡಿ. ಆ ಅಕ್ಕನನ್ನೂ ಕೂರಿಸಿಕೊಳ್ಳಿ, ಅವರಿಗೂ ಮೂರು ನಿಮಿಷ ಕೊಡಿ. ಹಾಡು ಬಂದರೆ ಹಾಡಿ, ಮೈ ಎದ್ದರೆ ಕುಣಿಯಿರಿ, ಬೆಂಚು ಬಡಿದು ತಾಳ ಹಾಕಿ. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲೂ ಇದು ನಡೆಯಲಿ, ಕೂಟ ಕರೆದವರ ಹೆಸರು ಮೊದಲು ಬರೆಯಿರಿ. ಕೇಳಿದವರು ಸುಮ್ನೆ ಚಪ್ಪಾಳೆ ತಟ್ಟಿ ಏಳಬೇಡಿ. ಎಲ್ಲಿ ಮಾತು ಪೊಳ್ಳಾಯಿತು, ಎಲ್ಲಿ ಎದೆಗೆ ತಾಕಿತು ಅಂತ ಹೇಳಿ. ಮುಂದಿನ ವಾರ ಅದೇ ಮಾತನ್ನು ತಿದ್ದಿಕೊಂಡು ಬನ್ನಿ. ಹತ್ತು ವಾರ ಆದ ಮೇಲೆ ಅದನ್ನು ನಿಮ್ಮ ಕೇರಿಗೆ ತೆಗೆದುಕೊಂಡು ಹೋಗಿ ಆಡಿ. ಕೇರಿಯವರು ಒಪ್ಪಿದರೆ ಆಮೇಲೆ ಟೌನ್‌ಹಾಲಿಗೆ ಹೋಗೋಣ.

ಬ್ರಾಂಕ್ಸಿನ ಒಬ್ಬ ಹುಡುಗಿ ಸ್ಕೂಲಿನ ಬಟ್ಟೆಗೆ ದುಡ್ಡು ಬೇಕು ಅಂತ ವಠಾರದ ಕೋಣೆ ಹಿಡಿದಾಗ, ಐವತ್ತು ವರ್ಷದ ಮೇಲೆ ಲೋಕವೆಲ್ಲ ಆ ದಿನವನ್ನು ನೆನೆಯುತ್ತದೆ ಅಂತ ಆಕೆಗೆ ಗೊತ್ತಿರಲಿಲ್ಲ. ಅವಳ ಹತ್ತಿರ ಇದ್ದದ್ದು ಒಂದು ಕೋಣೆ, ಒಬ್ಬ ಅಣ್ಣ, ಕೆಲವು ರೆಕಾರ್ಡು. ನಿಮ್ಮ ಹತ್ತಿರ ಮೆಸ್ಸಿನ ಕೋಣೆ ಇದೆ. ಬೆಂಚು ಇದೆ. ನಾಲಿಗೆ ಇದೆ. ಬರುವ ಭಾನುವಾರವೇ ಕೂತುಕೊಳ್ಳಿ.

ಜೈ ಭೀಮ್.